ಯಾವ ಗೂಡು, ಸಾರ್?

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ
ಹದಿನೈದು ರೂಪಾಯಿಗೆ ಕೊಂಡ ಪುಸ್ತಕ.
ರಟ್ಟಿನ ಮೇಲೆ ಭೂಗೋಳ, ಒಳಗೆ ಸಾವಿರದೊಂದು ಪ್ರಶ್ನೆ.
ಮೂವತ್ತಮೂರನೇ ಪುಟ ಎರಡು ಸಲ ಇತ್ತು,
ಮೂವತ್ತನಾಲ್ಕು ಇರಲೇ ಇಲ್ಲ.

ಸ್ಕೂಲು ಬಿಟ್ಟ ಮೇಲೆ ನಾನು ಅಮಾನ್ ಸಾಬರ ಫಿಲೇಚರಿನಲ್ಲಿ.
ಅಮ್ಮಿಯ ಕೆಲಸ ಮುಗಿಯುವ ತನಕ
ಖಾಲಿ ಕ್ರೇಟಿನ ಮೇಲೆ ಕೂತು
ಚರಕದ ಸದ್ದಿಗಿಂತ ಮೇಲೆ ಗಂಟಲೆತ್ತಿ ಓದುವುದು.
ಅಲ್ಲಿದ್ದ ರೇಡಿಯೋ ಹಬೆ ಹೊಡೆದು ಸತ್ತಿತ್ತು.

"ಆಕ್ಟೋಪಸ್ಸಿಗೆ ಮೂರು ಹೃದಯ."
ಗುಲ್ಜಾರ್ ಖಾಲಾ ನೀರಿಂದ ಕೈ ತೆಗೆಯದೆ:
"ಒಂದನ್ನ ತೋರ್ಸೋಕೇ ನಾನು ಮೂರು ಸಲ ಚಿಂತಾಮಣಿಗೆ ಹೋದೆ. ಪಾಪ ಅದು."

"ಶುಕ್ರಗ್ರಹದಲ್ಲಿ ಒಂದು ವರ್ಷಕ್ಕಿಂತ ಒಂದು ದಿನ ಉದ್ದ."
ನಾರೆಮ್ಮ: "ಅಲ್ಲೂ ದಿನಗೂಲೀನಾ? ಮೊದ್ಲು ಅದನ್ನ ಓದು."

"ಜಗತ್ತಿನಲ್ಲೇ ಅತಿ ಉದ್ದ ಉಗುರು ಬೆಳೆಸಿದವರು..."
ಹೆಸರು ಹೇಳುವ ಮೊದಲೇ ನಗು.
ಕುದಿನೀರಿನ ತೊಟ್ಟಿಗಳ ಮೇಲೆ
ಸಾಲಾಗಿ ಎದ್ದವು ಕೈಗಳು,
ಬೇಯಿಸಿದ ಕಡಲೆಕಾಯಿಯ ಹಾಗೆ ಬಿಳಿಚಿ, ಸುಕ್ಕುಗಟ್ಟಿ,
ಸತ್ತ ಹುಳದ ವಾಸನೆ ಸುರಿಸುತ್ತಾ.

ಆರುನೂರ ಹನ್ನೆರಡನೆಯದು:
"ಒಬ್ಬರ ಬೆರಳಚ್ಚು ಇನ್ನೊಬ್ಬರಿಗೆ ಇರುವುದಿಲ್ಲ."
ಇದಕ್ಕೆ ಯಾರೂ ನಗಲಿಲ್ಲ.
ಆ ವಾರವಷ್ಟೇ ನ್ಯಾಯಬೆಲೆ ಅಂಗಡಿಯ ಮೆಷೀನು
ಅಮ್ಮಿಯ ಹೆಬ್ಬೆರಳನ್ನು ಏಳು ಸಲ ನೋಡಿ
ಏಳು ಸಲವೂ ಗುರುತಿಲ್ಲ ಅಂದಿತ್ತು.
ತೋರುಬೆರಳು. ಎಡಗೈ. ಸೆರಗಿಗೆ ಒರೆಸಿ,
ತಲೆಗೂದಲಿಗೆ ಉಜ್ಜಿ ಎಣ್ಣೆ ಹತ್ತಿಸಿ, ಮತ್ತೆ.
ಹತ್ತು ಕೇಜಿ ಅಕ್ಕಿ ಅಂಗಡಿಯಲ್ಲೇ ಉಳಿಯಿತು.

ಮಾತು ತಿರುಗಿಸಲು ಬೇಗ ಮುಂದಿನದನ್ನು ಓದಿದೆ:
"ಕೋಆಲಾ ಎಂಬ ಪ್ರಾಣಿಯ ಬೆರಳಚ್ಚು ಥೇಟ್ ಮನುಷ್ಯನದರಂತೆ."
ಅಮ್ಮಿ ತಪ್ಪಿದ ಎಳೆ ಹುಡುಕುತ್ತಲೇ ಕೇಳಿದಳು:
"ಎಲ್ಲಿ ಸಿಗ್ತದೆ ಅದು? ಕರ್ಕೊಂಡ್ ಬಾ.
ಸೋಮವಾರ ರೇಷನ್ನಿಗೆ ಕಳಿಸಾಣ."

ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಮಟ್ಟದ ರಸಪ್ರಶ್ನೆ.
ಜಿರಾಫೆಯ ಕತ್ತಿನಲ್ಲೂ ನಮ್ಮ ಹಾಗೇ ಏಳೇ ಮೂಳೆ, ಅಂದೆ. ಚಪ್ಪಾಳೆ.
ಕೊನೆಯ ಸುತ್ತು:
"ಒಂದು ರೇಷ್ಮೆಗೂಡಿನಲ್ಲಿ ಎಷ್ಟು ಉದ್ದದ ಎಳೆ ಇರುತ್ತದೆ?"
ಮೇಷ್ಟ್ರ ಚೀಟಿಯಲ್ಲಿ ಒಂದೇ ಒಂದು ಅಂಕಿ ಇತ್ತು, ನಾನೇನು ಬಲ್ಲೆ.
ಎದ್ದು ನಿಂತು ಕೇಳಿದೆ:
"ಯಾವ ಗೂಡು, ಸಾರ್?
ಬಿಳಿ ಬೈವೋಲ್ಟಿನ್ನಾ, ಹಳದಿ ಸಿ.ಬಿ.ನಾ?
ಮಳೆಗಾಲದ್ದಾ? ಹಣ್ಣು ಹುಳಕ್ಕೆ ಗಾಳಿ ಸಾಕಷ್ಟಿತ್ತಾ?
ಕೆಲವು ಗೂಡು ನಡುವೇನೇ ಕಡೀತವೆ, ಸಾರ್..."
ಗಂಟೆ ಬಾರಿಸಿತು.
ಬಾಗೇಪಲ್ಲಿಯ ಹುಡುಗಿ "ಒಂದು ಕಿಲೋಮೀಟರ್" ಅಂದಳು,
ಸ್ಟೀಲ್ ಡಬ್ಬಿ ತಗೊಂಡು ಹೋದಳು.

ವಾಪಸ್ಸು ಬಸ್ಸಿನಲ್ಲಿ, ಸಿಟ್ಟಿಗೆ,
ಹಿಂದಿನ ರಟ್ಟಿನ ಒಳಗೆ ಲೆಕ್ಕ ಹಾಕಿದೆ.
ಗೂಡಿಗೆ ಮುಕ್ಕಾಲು ಕಿಲೋಮೀಟರ್, ಸಿ.ಬಿ. ಅಂತಲೇ ಇಟ್ಟುಕೊಂಡು.
ದಿನಕ್ಕೆ ನಾಲ್ಕು ಸಾವಿರ ಗೂಡು.
ಅಮ್ಮಿ ಹದಿನಾಲ್ಕು ದಿನಕ್ಕೊಮ್ಮೆ ಭೂಮಿ ಸುತ್ತುತ್ತಾಳೆ.
ಶುಕ್ರವಾರದ ರಜೆ ಕಳೆದು
ನೂರಿಪ್ಪತ್ತೊಂಬತ್ತನೇ ದಿನ ಚಂದ್ರ ಮುಟ್ಟುತ್ತಾಳೆ.
ಆ ತೊಟ್ಟಿಯ ಮುಂದೆ ಅವಳು ಕೂತು ಹತ್ತೊಂಬತ್ತು ವರ್ಷ.
ಹನುಮಂತಪುರದ ಗೇಟಿನ ಹತ್ತಿರ ಬಸ್ಸು ಕುಲುಕಿ
ಅಂಕಿಯೊಂದು ರಟ್ಟಿನಿಂದಾಚೆಗೆ ಹೋಯಿತು.

ತೋರಿಸಿದೆ. ಅವಳು ಕನ್ನಡ ಓದಳು, ಅಂಕಿ ಓದುತ್ತಾಳೆ.
ಬಹಳ ಹೊತ್ತು ನೋಡಿದಳು.
"ಬರೀ ಹೋಗಿದ್ದು ಬರ್ದಿದೀಯ.
ದಿನಾ ವಾಪಸ್ ಬಂದು ಅನ್ನ ಮಾಡಿದ್ದು ಯಾರು?
ದುಪ್ಪಟ್ಟು ಹಾಕು."

ಪುಟ ತಿರುವಿದಳು, ಒದ್ದೆ ಹೆಬ್ಬೆರಳಿನಿಂದ.
ಮೂಲೆಯಲ್ಲಿ ದುಂಡಗೆ ಒಂದು ನೀರಿನ ಗುರುತು,
ಒಳಗೆ ಒಂದೂ ಗೆರೆ ಇಲ್ಲ,
ನೋಡನೋಡುತ್ತಲೇ ಅಂಚಿನಿಂದ ಆರತೊಡಗಿತು.

"ಆ ಡಬ್ಬಿ," ಅಂದಳು ಅಮ್ಮಿ,
"ಎಷ್ಟು ಸೇರು ಹಿಡಿಯೋದು?"